ಬೀಗದ ಕೈ ಯಾರ ಕೈಯಲ್ಲಿ? ವಿಪಿಎನ್ ತಂತ್ರಾಂಶವನ್ನು ನಂಬುವ ಮೊದಲು



ಕಳೆದ ತಿಂಗಳು ದ್ವಿತೀಯ ಪಿಯು ತರಗತಿಯಲ್ಲಿ ನೆಟ್‌ವರ್ಕ್ ಪಾಠ ಮುಗಿಸಿ ಹೊರಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಉಮ್ಮನ ಫೋನ್‌ನಲ್ಲಿ ಮೇಲೆ ಒಂದು ಬೀಗದ ಕೈಯ ಚಿತ್ರ ಯಾವಾಗಲೂ ಕಾಣ್ತದೆ. ಅದು ಎಂತದು?"

ಎರಡು ಮೂರು ಪ್ರಶ್ನೆ ಕೇಳಿದಾಗ ವಿಷಯ ಹೊರಬಂತು. ಅದು ಅವಳ ತಂದೆಯ ಹಳೆಯ ಫೋನ್. ಅವರು ದುಬೈಯಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿ ವಾಟ್ಸ್ಆ್ಯಪ್ ಕರೆ ಸಿಗುವುದಿಲ್ಲವೆಂದು ರೂಮಿನಲ್ಲಿ ಜೊತೆಗಿದ್ದವರ ಮಾತು ಕೇಳಿ ಒಂದು ಉಚಿತ ವಿಪಿಎನ್ ಆ್ಯಪ್ ಹಾಕಿಕೊಂಡಿದ್ದರು. ರಜೆಯಲ್ಲಿ ಊರಿಗೆ ಬಂದಾಗ ಹೊಸ ಫೋನ್ ತೆಗೆದುಕೊಂಡು ಹಳೆಯದನ್ನು ಮನೆಯಲ್ಲಿ ಬಿಟ್ಟು ಹೋದರು. ಆ್ಯಪ್ ಮಾತ್ರ ಹಾಗೆಯೇ ಚಾಲೂ ಉಳಿಯಿತು. ಈಗ ಅದೇ ಫೋನ್‌ನಲ್ಲಿ ಉಮ್ಮನ ಬ್ಯಾಂಕ್ ಆ್ಯಪ್ ಇದೆ, ಯುಪಿಐ ಇದೆ, ಮಕ್ಕಳ ವಿದ್ಯಾರ್ಥಿವೇತನದ ಒಟಿಪಿ ಬರುವುದೂ ಅದಕ್ಕೇ.

ಗಂಟೆ ಹೊಡೆದಾಗಿತ್ತು. ನಾನು ಅವಸರದಲ್ಲಿ ಹೇಳಿದೆ: "ಅದನ್ನು ತೆಗೆದುಹಾಕು. ವಿಪಿಎನ್ ಬೇಕೇ ಬೇಕು ಅಂತಿದ್ದರೆ ಓಪನ್ ಸೋರ್ಸ್ ಆಗಿರುವುದನ್ನು ಹಾಕಿಕೊ. ಅದನ್ನು ನಂಬಬಹುದು." ಇಡೀ ತರಗತಿ ಅದನ್ನು ನೋಟ್ಸಿನಲ್ಲಿ ಬರೆದುಕೊಂಡಿತು.

ಒಂದು ವಾರದ ನಂತರ ಅವಳು ಸ್ಟಾಫ್ ರೂಮಿಗೆ ಬಂದಳು. "ಸರ್, ನೀವು ಹೇಳಿದ ಹಾಗೆ ಹುಡುಕಿದೆ. ಕೋಡ್ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರೆ. ಆದರೆ ಪ್ಲೇಸ್ಟೋರ್‌ನಲ್ಲಿ ಸಿಗುವ ಆ್ಯಪ್ ಅದೇ ಕೋಡಿನಿಂದ ಮಾಡಿದ್ದು ಅಂತ ಹೇಗೆ ಗೊತ್ತಾಗ್ತದೆ? ಮತ್ತೆ, ಆ್ಯಪ್ ಸರಿ ಇದ್ದರೂ ಆ ಕಡೆಯ ಸರ್ವರ್‌ನಲ್ಲಿ ಎಂತ ನಡೀತದೆ ಅಂತ ಯಾರು ನೋಡಿದ್ದಾರೆ?"

ಎರಡೂ ಪ್ರಶ್ನೆಗಳು ನಾನು ತರಗತಿಯಲ್ಲಿ ಹೇಳಬೇಕಾಗಿದ್ದು, ಹೇಳದೆ ಬಿಟ್ಟದ್ದು. ನನ್ನ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳದವರೂ ಓದಬಹುದು. ಫೋನ್ ಎಲ್ಲರ ಕೈಯಲ್ಲೂ ಇದೆ.

ವಿಪಿಎನ್ ಏನು ಮಾಡುತ್ತದೆ?

ಗಲ್ಫ್‌ಗೆ ಹೋದವರು ಊರಿಗೆ ಬರುವವರ ಕೈಯಲ್ಲಿ ಕಾಗದ, ಕ್ಯಾಸೆಟ್ಟು ಕಳಿಸುತ್ತಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಅಂಚೆಗೆ ಹಾಕಿದರೆ ಯಾರು ಯಾರಿಗೆ ಬರೆದರು ಎಂಬುದು ಅಂಚೆಯವರಿಗೆ ಗೊತ್ತಾಗುತ್ತದೆ. ಬರುವವರ ಕೈಯಲ್ಲಿ ಕೊಟ್ಟರೆ ಅಂಚೆಯವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ಎಲ್ಲ ಕಾಗದಗಳೂ ಈಗ ಒಬ್ಬನ ಚೀಲದಲ್ಲಿ ಇರುತ್ತವೆ.

ವಿಪಿಎನ್ ಮಾಡುವುದೂ ಇಷ್ಟೇ. ವಿಪಿಎನ್ ಇಲ್ಲದಾಗ ನಿಮ್ಮ ಫೋನಿನಿಂದ ಹೊರಡುವ ಎಲ್ಲವೂ ಜಿಯೋ, ಏರ್‌ಟೆಲ್ ಅಥವಾ ಬಿಎಸ್‌ಎನ್‌ಎಲ್ ಮೂಲಕ ನೇರವಾಗಿ ಹೋಗುತ್ತದೆ. ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಆ ಕಂಪನಿಗೆ ಕಾಣುತ್ತದೆ. ವಿಪಿಎನ್ ಹಾಕಿದಾಗ ಫೋನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಸುತ್ತಿ ವಿಪಿಎನ್ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ಆ ಸುತ್ತನ್ನು ಬಿಚ್ಚಿ, ನಿಮ್ಮ ಪರವಾಗಿ ಮುಂದಿನ ತಾಣಕ್ಕೆ ಹೋಗುತ್ತದೆ. ಮೊಬೈಲ್ ಕಂಪನಿಗೆ ಕಾಣುವುದು ಒಂದೇ: ನೀವು ಒಂದು ಸರ್ವರ್ ಜೊತೆ ಮಾತಾಡುತ್ತಿದ್ದೀರಿ ಎಂಬುದು. ಮೊದಲು ಮೊಬೈಲ್ ಕಂಪನಿಗೆ ಕಾಣುತ್ತಿದ್ದದ್ದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ.

ಅಂದರೆ ವಿಪಿಎನ್ ನಂಬಿಕೆಯನ್ನು ಇಲ್ಲವಾಗಿಸುವುದಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಇಲ್ಲಿ ಒಂದು ಸಮಾಧಾನದ ವಿಷಯವೂ ಇದೆ. ಬ್ಯಾಂಕ್ ಆ್ಯಪ್, ವಾಟ್ಸ್ಆ್ಯಪ್, ಎಚ್‌ಟಿಟಿಪಿಎಸ್ ಇರುವ ತಾಣಗಳು ತಮ್ಮ ಮಾತನ್ನು ತಾವೇ ಬೇರೆ ಗೂಢಲಿಪಿಯಲ್ಲಿ ಮುಚ್ಚಿರುತ್ತವೆ. ಚೀಲದಲ್ಲಿರುವ ಕಾಗದ ಅಂಟಿಸಿದ ಲಕೋಟೆಯಲ್ಲಿದ್ದ ಹಾಗೆ. ಒಯ್ಯುವವನಿಗೆ ಒಳಗಿನ ಬರಹ ಓದಲಾಗದು. ಆದರೆ ಲಕೋಟೆಯ ಮೇಲಿನ ವಿಳಾಸ, ಎಷ್ಟು ಕಾಗದ, ಎಷ್ಟು ದಪ್ಪ, ಯಾವ ಹೊತ್ತಿಗೆ ಎಂಬುದೆಲ್ಲ ಅವನಿಗೆ ಕಾಣುತ್ತದೆ. ನೀವು ಯಾವ ಬ್ಯಾಂಕಿನವರು, ಯಾವ ಆಸ್ಪತ್ರೆಯ ತಾಣ ನೋಡಿದಿರಿ, ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ ಎಂಬುದನ್ನು ಊಹಿಸಲು ಅಷ್ಟು ಸಾಕು.

ಆ್ಯಂಡ್ರಾಯ್ಡ್‌ನಲ್ಲಿ ಯಾವುದಾದರೂ ಆ್ಯಪ್ ವಿಪಿಎನ್ ಆರಂಭಿಸಲು ಹೊರಟಾಗ ಫೋನ್ ಮೊದಲ ಬಾರಿ ಒಂದು ಎಚ್ಚರಿಕೆ ತೋರಿಸುತ್ತದೆ: ಇದು ನಿಮ್ಮ ನೆಟ್‌ವರ್ಕ್ ಸಂಚಾರವನ್ನು ಗಮನಿಸಬಲ್ಲದು, ಮೂಲವನ್ನು ನಂಬುವುದಾದರೆ ಮಾತ್ರ ಒಪ್ಪಿ ಎಂದು. ನಾವು ಓದದೆ 'ಸರಿ' ಒತ್ತುತ್ತೇವೆ. ಮೇಲೆ ಕಾಣುವ ಬೀಗದ ಕೈ ಆ ಒಪ್ಪಿಗೆಯ ಗುರುತು. ನಾವು ಸುರಕ್ಷಿತ ಎಂದು ಅದರ ಅರ್ಥವಲ್ಲ. ನಮ್ಮ ಚೀಲ ಇನ್ನೊಬ್ಬರ ಕೈಯಲ್ಲಿದೆ ಎಂದು ಅರ್ಥ.

ಕ್ಲೋಸ್ಡ್ ಸೋರ್ಸ್: "ನನ್ನ ಮಾತು ನಂಬಿ"

ತಂತ್ರಾಂಶವನ್ನು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಅದು ಸೋರ್ಸ್ ಕೋಡ್. ಅದನ್ನು ಕಂಪೈಲ್ ಮಾಡಿದಾಗ ಯಂತ್ರ ಓದಬಲ್ಲ ಕಡತ ಬರುತ್ತದೆ. ಕ್ಲೋಸ್ಡ್ ಸೋರ್ಸ್ ಎಂದರೆ ನಮಗೆ ಸಿಗುವುದು ಎರಡನೆಯದು ಮಾತ್ರ. ಒಳಗೆ ಏನಿದೆ ಎಂಬುದಕ್ಕೆ ಕಂಪನಿಯ ಮಾತೇ ಆಧಾರ.

ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಓನಾವೋ ಪ್ರೊಟೆಕ್ಟ್ ಒಳ್ಳೆಯ ಉದಾಹರಣೆ. ಓನಾವೋ ಎಂಬ ಇಸ್ರೇಲಿ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡಿತು. ಅದರ ಉಚಿತ ವಿಪಿಎನ್ ಆ್ಯಪ್ ನಿಮ್ಮ ಮಾಹಿತಿಯನ್ನು ಕಾಪಾಡುತ್ತದೆ ಎಂದೇ ಪ್ರಚಾರ ಮಾಡಲಾಯಿತು. ಆದರೆ ಬಳಕೆದಾರರು ಯಾವ ಆ್ಯಪ್‌ಗಳನ್ನು ಎಷ್ಟು ಹೊತ್ತು ಬಳಸುತ್ತಾರೆ ಎಂಬ ವಿವರ ಅದರ ಮೂಲಕ ಫೇಸ್‌ಬುಕ್‌ಗೆ ಸಿಗುತ್ತಿತ್ತು. ಯಾವ ಪ್ರತಿಸ್ಪರ್ಧಿ ಬೆಳೆಯುತ್ತಿದ್ದಾನೆ ಎಂದು ತಿಳಿಯಲು ಕಂಪನಿ ಅದನ್ನು ಬಳಸಿತು. 2018ರ ಆಗಸ್ಟಿನಲ್ಲಿ ಆ್ಯಪಲ್ ಸ್ಟೋರಿನಿಂದ ಈ ಆ್ಯಪ್ ಹೊರಹೋಯಿತು, 2019ರಲ್ಲಿ ಪೂರ್ತಿ ಮುಚ್ಚಿತು. 2023ರ ಜುಲೈಯಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಮಾಹಿತಿಯನ್ನು ವ್ಯಾಪಾರಕ್ಕೆ ಬಳಸುವುದನ್ನು ಜನರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದೇ ಕಾರಣ.

ಹೋಲಾ ಎಂಬ ಇನ್ನೊಂದು ಉಚಿತ ವಿಪಿಎನ್ ಇತ್ತು. ಅದರ ಉಚಿತ ಬಳಕೆದಾರರ ಮನೆಯ ಸಂಪರ್ಕವನ್ನೇ ಬೇರೆಯವರ ಸಂಚಾರಕ್ಕೆ ದಾರಿಯಾಗಿ ಬಳಸಿ, ಲ್ಯುಮಿನಾಟಿ ಎಂಬ ಹೆಸರಿನಲ್ಲಿ ಆ ಸೇವೆಯನ್ನು ಮಾರಲಾಗುತ್ತಿದೆ ಎಂಬುದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಯಾರೋ ಗೊತ್ತಿಲ್ಲದವರು ಅಂತರಜಾಲದಲ್ಲಿ ಮಾಡಿದ ಕೆಲಸಕ್ಕೆ ನಿಮ್ಮ ಮನೆಯ ಐಪಿ ವಿಳಾಸ ಗುರುತಾಗಿ ಉಳಿದರೆ ಏನಾಗಬಹುದು ಎಂದು ಯೋಚಿಸಿ.

ಹಾಗಾದರೆ ಮುಚ್ಚಿದ ಆ್ಯಪನ್ನು ಪರೀಕ್ಷಿಸಲು ಸಾಧ್ಯವೇ ಇಲ್ಲವೇ? ಇದೆ, ಆದರೆ ಹೊರಗಿನಿಂದ. 2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯವರೂ ಇದ್ದ ಸಂಶೋಧಕರ ತಂಡ ಆ್ಯಂಡ್ರಾಯ್ಡ್‌ನ 283 ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 18 ಶೇಕಡ ಆ್ಯಪ್‌ಗಳು ಗೂಢಲಿಪಿಯನ್ನೇ ಬಳಸದೆ ಸಂಚಾರವನ್ನು ಸಾಗಿಸುತ್ತಿದ್ದವು. 38 ಶೇಕಡ ಆ್ಯಪ್‌ಗಳಲ್ಲಿ ದುರುದ್ದೇಶದ ಕೋಡಿನ ಸುಳಿವು ಸಿಕ್ಕಿತು. 75 ಶೇಕಡ ಆ್ಯಪ್‌ಗಳಲ್ಲಿ ಬಳಕೆದಾರರನ್ನು ಹಿಂಬಾಲಿಸುವ ಬೇರೆ ಕಂಪನಿಗಳ ಕೋಡ್ ಇತ್ತು. 82 ಶೇಕಡ ಆ್ಯಪ್‌ಗಳು ಖಾತೆಗಳ ವಿವರ, ಮೆಸೇಜ್‌ನಂಥ ಸೂಕ್ಷ್ಮ ವಿಷಯಗಳಿಗೆ ಅನುಮತಿ ಕೇಳುತ್ತಿದ್ದವು. ಒಟಿಪಿ ಬರುವುದು ಮೆಸೇಜಿನಲ್ಲಿ. ಉಮ್ಮನ ಫೋನಿನ ವಿಷಯ ಕೇಳಿ ನನಗೆ ಗಾಬರಿಯಾದದ್ದು ಇದಕ್ಕೇ.

ಕ್ಲೋಸ್ಡ್ ಸೋರ್ಸ್ ಎಂದ ಕೂಡಲೇ ಮೋಸ ಎಂದು ಬರೆದುಕೊಳ್ಳಬೇಡಿ. ಪ್ರಾಮಾಣಿಕ ಕಂಪನಿಗಳೂ ಕೋಡ್ ಮುಚ್ಚಿಡುತ್ತವೆ. ತೊಂದರೆ ಏನೆಂದರೆ ಒಳಗೆ ತಪ್ಪಿದ್ದರೆ ಅದನ್ನು ಕಂಡುಹಿಡಿಯುವ ಅವಕಾಶ ಹೆಚ್ಚಾಗಿ ಆ ಕಂಪನಿಗೆ ಮಾತ್ರ ಇರುತ್ತದೆ. ಜುನಿಪರ್ ಎಂಬ ದೊಡ್ಡ ಕಂಪನಿ ಕಚೇರಿಗಳಿಗೆ ಬೇಕಾದ ವಿಪಿಎನ್ ಉಪಕರಣಗಳನ್ನು ಮಾರುತ್ತದೆ. 2015ರ ಡಿಸೆಂಬರಿನಲ್ಲಿ ಅದು ತನ್ನದೇ ಕೋಡನ್ನು ಪರಿಶೀಲಿಸುವಾಗ ತನ್ನ ಅನುಮತಿ ಇಲ್ಲದೆ ಯಾರೋ ಸೇರಿಸಿದ ಸಾಲುಗಳನ್ನು ಕಂಡಿತು. ವಿಪಿಎನ್ ಸಂಚಾರವನ್ನು ಬಿಚ್ಚಿ ಓದಲು ಅವು ದಾರಿ ಮಾಡಿಕೊಡುತ್ತಿದ್ದವು. ಕಂಪನಿಯೇ ಒಪ್ಪಿಕೊಂಡು ತಿದ್ದಿತು, ನಿಜ. ಆದರೆ ಅಲ್ಲಿಯವರೆಗೆ ಆ ಸಾಲುಗಳು ವರ್ಷಗಳ ಕಾಲ ಗಿರಾಕಿಗಳ ಯಂತ್ರಗಳಲ್ಲಿ ಇದ್ದವು.

ಓಪನ್ ಸೋರ್ಸ್: "ಬಂದು ನೋಡಿ"

ಓಪನ್ ಸೋರ್ಸ್‌ನಲ್ಲಿ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಡುತ್ತಾರೆ. ಯಾರು ಬೇಕಾದರೂ ಓದಬಹುದು, ತಪ್ಪು ತೋರಿಸಬಹುದು, ತಾವೇ ಕಂಪೈಲ್ ಮಾಡಿಕೊಳ್ಳಬಹುದು. ವಿಪಿಎನ್ ಲೋಕದಲ್ಲಿ ಇಂಥ ಎರಡು ಹೆಸರು ಪ್ರಸಿದ್ಧ. ಒಂದು 2001ರಲ್ಲಿ ಆರಂಭವಾದ ಓಪನ್‌ವಿಪಿಎನ್. ಇನ್ನೊಂದು ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್. ಇದು 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನೆಲ್‌ನ 5.6ನೇ ಆವೃತ್ತಿಯಲ್ಲಿ ಸೇರಿತು. ವೈರ್‌ಗಾರ್ಡ್‌ನ ಮುಖ್ಯ ಕೋಡ್ ಸುಮಾರು 4,000 ಸಾಲು. ಹಳೆಯ ವಿಪಿಎನ್ ತಂತ್ರಾಂಶಗಳ ಕೋಡ್ ಇದರ ಹತ್ತಾರು ಪಟ್ಟು ದೊಡ್ಡದು. ನಾಲ್ಕು ಸಾವಿರ ಸಾಲನ್ನು ಬಲ್ಲವನೊಬ್ಬ ಕೂತು ಓದಿ ಮುಗಿಸಬಹುದು. ತೆರೆದಿಟ್ಟರೆ ಸಾಲದು, ಓದಿ ಮುಗಿಸುವಷ್ಟು ಚಿಕ್ಕದಾಗಿಯೂ ಇರಬೇಕು ಎಂಬ ಪಾಠ ಇಲ್ಲಿದೆ.

ನಾನು ತರಗತಿಯಲ್ಲಿ ಹೇಳಿದ "ನಂಬಬಹುದು" ಎಂಬ ಮಾತಿನ ಹಿಂದೆ ಒಂದು ಊಹೆ ಇತ್ತು: ಎಲ್ಲರೂ ನೋಡಬಹುದಾದ್ದರಿಂದ ಯಾರಾದರೂ ನೋಡಿಯೇ ಇರುತ್ತಾರೆ ಎಂದು. ಮದುವೆಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದು ಯಾರೋ ಇರಬೇಕು ಎಂದು ಎಲ್ಲರೂ ಅಂದುಕೊಂಡು ಮಲಗಿದ ಹಾಗೆ.

2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷ ಇದನ್ನೇ ತೋರಿಸಿತು. ಓಪನ್‌ಎಸ್‌ಎಸ್‌ಎಲ್ ಎಂಬುದು ಲೋಕದ ಅಸಂಖ್ಯಾತ ತಾಣಗಳು ಬಳಸುವ ಗೂಢಲಿಪಿ ತಂತ್ರಾಂಶ. ಓಪನ್‌ವಿಪಿಎನ್ ಕೂಡ ಅದನ್ನೇ ಬಳಸುತ್ತಿತ್ತು. 2012ರ ಮಾರ್ಚ್‌ನಲ್ಲಿ ಹೊರಬಂದ ಆವೃತ್ತಿಯಲ್ಲಿ ಒಂದು ಸಣ್ಣ ತಪ್ಪು ಸೇರಿಕೊಂಡಿತ್ತು. ಬಂದ ಸಂದೇಶದ ನಿಜವಾದ ಉದ್ದ ಎಷ್ಟು ಎಂದು ಪರೀಕ್ಷಿಸದೆ, ಕೇಳಿದಷ್ಟು ಉದ್ದದ ಉತ್ತರ ಕೊಡುವ ತಪ್ಪು. ಇದರಿಂದ ಸರ್ವರ್‌ನ ಮೆಮೊರಿಯಲ್ಲಿದ್ದ ಗುಟ್ಟುಗಳು ಹೊರಬರುತ್ತಿದ್ದವು. ಕೋಡ್ ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು. ಆ ಕೆಲಸ ನೋಡಿಕೊಳ್ಳುತ್ತಿದ್ದ ಬೆರಳೆಣಿಕೆಯ ಜನರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ. ಬಾಗಿಲು ತೆರೆದಿತ್ತು, ಒಳಗೆ ಹೋಗಿ ನೋಡುವವರು ಇರಲಿಲ್ಲ.

ನೋಡಿದವರಿಗೂ ಎಲ್ಲ ಕಾಣುವುದಿಲ್ಲ. 2017ರಲ್ಲಿ ಓಪನ್‌ವಿಪಿಎನ್ ಕೋಡನ್ನು ತಜ್ಞರ ಎರಡು ತಂಡಗಳು ಪರಿಶೀಲಿಸಿ ಮೇ ತಿಂಗಳಲ್ಲಿ ವರದಿ ಕೊಟ್ಟವು. ಮುಂದಿನ ತಿಂಗಳೇ ಗೈಡೋ ವ್ರಾಂಕೆನ್ ಎಂಬ ಸಂಶೋಧಕ ಅದೇ ಕೋಡಿನಲ್ಲಿ ಇನ್ನೂ ನಾಲ್ಕು ದೋಷಗಳನ್ನು ಕಂಡುಹಿಡಿದ. ಅವನು ಕೋಡನ್ನು ಕಣ್ಣಿನಿಂದ ಓದುವ ಬದಲು ಅದಕ್ಕೆ ಅಡ್ಡಾದಿಡ್ಡಿ ಮಾಹಿತಿಯನ್ನು ಯಂತ್ರದಿಂದಲೇ ತುಂಬಿಸಿ, ಎಲ್ಲಿ ಎಡವುತ್ತದೆ ಎಂದು ನೋಡಿದ್ದ. ಈ ಘಟನೆಯಲ್ಲಿ ಎರಡು ಅರ್ಥ ಇದೆ. ಪರಿಶೀಲನೆಯ ವರದಿ ಇದೆ ಎಂದರೆ ದೋಷವೇ ಇಲ್ಲ ಎಂದಲ್ಲ. ಹಾಗೆಯೇ, ಕೋಡ್ ತೆರೆದಿದ್ದ ಕಾರಣ ಹೊರಗಿನ ಒಬ್ಬನು ಯಾರ ಅಪ್ಪಣೆಯನ್ನೂ ಕೇಳದೆ ಮೂರನೆಯ ಬಾರಿ ಹುಡುಕಬಹುದಾಯಿತು.

2024ರ ಮಾರ್ಚ್ 29ರ ಸುದ್ದಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಲಿನಕ್ಸ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಸುಳ್ಳು ಹೆಸರಿನಲ್ಲಿ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ, ನಂತರ ಹಾಕಿದ ಬಾಗಿಲು. ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್‌ಗೆ ತನ್ನ ಯಂತ್ರದಲ್ಲಿ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎನಿಸಿತು. ಬಿಡದೆ ಹಿಂಬಾಲಿಸಿ ಹೋದಾಗ ಕಳ್ಳಬಾಗಿಲು ಸಿಕ್ಕಿತು. ಇದು ವಿಪಿಎನ್ ಅಲ್ಲ. ಆದರೂ ಪಾಠ ನಮ್ಮ ವಿಷಯಕ್ಕೇ ಸೇರಿದ್ದು. ತೆರೆದ ಬಾಗಿಲಿನಿಂದ ಕಳ್ಳನೂ ಒಳಗೆ ಬಂದ, ಹಿಡಿದವನೂ ಅದೇ ಬಾಗಿಲಿನಿಂದ ಬಂದ.

ಅವಳ ಮೊದಲ ಪ್ರಶ್ನೆ: ಆ್ಯಪ್ ಮತ್ತು ಕೋಡ್ ಒಂದೆಯೇ?

ಹೋಟೆಲಿನ ಗೋಡೆಯ ಮೇಲೆ ಬಿರಿಯಾನಿ ಮಾಡುವ ವಿಧಾನವನ್ನು ಬರೆದು ಅಂಟಿಸಿದ್ದಾರೆ ಎಂದುಕೊಳ್ಳಿ. ಓದಿದರೆ ಎಲ್ಲ ಒಳ್ಳೆಯ ಸಾಮಾನು. ಆದರೆ ನಿಮ್ಮ ಕೈಗೆ ಬಂದ ಪಾರ್ಸೆಲ್ ಆ ವಿಧಾನದಂತೆಯೇ ಮಾಡಿದ್ದು ಎಂಬುದಕ್ಕೆ ಏನು ಸಾಕ್ಷಿ? ಸೋರ್ಸ್ ಕೋಡ್ ಗೋಡೆಯ ಮೇಲಿನ ಚೀಟಿ. ನಾವು ಇಳಿಸಿಕೊಳ್ಳುವ ಆ್ಯಪ್ ಪಾರ್ಸೆಲ್.

ಇದಕ್ಕೆ ಒಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಅದರ ಹೆಸರು ರಿಪ್ರೊಡ್ಯೂಸಿಬಲ್ ಬಿಲ್ಡ್. ಅದೇ ಕೋಡನ್ನು ಬೇರೆಯವರು ತಮ್ಮ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿದರೂ ಒಂದೇ ಒಂದು ಬಿಟ್ ವ್ಯತ್ಯಾಸವಿಲ್ಲದ ಕಡತ ಬರುವಂತೆ ವ್ಯವಸ್ಥೆ ಮಾಡುವುದು. ಆಗ ಕಂಪನಿ ಕೊಟ್ಟ ಕಡತವನ್ನೂ ನಾವು ಮಾಡಿದ ಕಡತವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಎರಡರ ಹ್ಯಾಶ್ ಒಂದೇ ಆದರೆ ಪಾರ್ಸೆಲ್ ಚೀಟಿಯಂತೆಯೇ ಇದೆ. ಟಾರ್ ಬ್ರೌಸರ್, ಡೆಬಿಯನ್ ಮುಂತಾದ ಯೋಜನೆಗಳು ಈ ದಾರಿಯಲ್ಲಿ ವರ್ಷಗಳಿಂದ ಕೆಲಸ ಮಾಡಿವೆ. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರ ಸೋರ್ಸ್ ಕೋಡಿನಿಂದ ತಾನೇ ಆ್ಯಪ್ ಕಟ್ಟಿ ಕೊಡುತ್ತದೆ. ಆಗ ಆ್ಯಪ್ ಬರೆದವನ ಮಾತಿನ ಜಾಗದಲ್ಲಿ ಎಫ್-ಡ್ರಾಯ್ಡ್‌ನ ಮಾತನ್ನು ನಂಬಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಇನ್ನೂ ಆಳಕ್ಕೆ ಹೋದರೆ ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ನೆನಪಾಗುತ್ತಾರೆ. ಟ್ಯೂರಿಂಗ್ ಪ್ರಶಸ್ತಿಯ ಸಂದರ್ಭದ ಅವರ ಉಪನ್ಯಾಸ 1984ರಲ್ಲಿ ಪ್ರಕಟವಾಯಿತು. ಕಂಪೈಲರ್‌ನಲ್ಲೇ ಮೋಸ ಅಡಗಿಸಿದರೆ, ಸೋರ್ಸ್ ಕೋಡ್ ಪೂರ್ತಿ ಶುದ್ಧವಾಗಿದ್ದರೂ ಅದರಿಂದ ಹೊರಬರುವ ಕಡತದಲ್ಲಿ ಕಳ್ಳಬಾಗಿಲು ಇರಬಹುದು ಎಂದು ಅವರು ಅದರಲ್ಲಿ ತೋರಿಸಿದರು. ಪೂರ್ತಿಯಾಗಿ ನೀವೇ ಮಾಡದ ಕೋಡನ್ನು ಪೂರ್ತಿ ನಂಬಲಾಗದು ಎಂಬುದು ಅವರ ತೀರ್ಮಾನದ ಸಾರ. ಸೆಕೆಂಡ್ ಪಿಯು ಹುಡುಗಿ ಕೇಳಿದ್ದು ಸುಮಾರಾಗಿ ಅದೇ ಪ್ರಶ್ನೆ.

ಅವಳ ಎರಡನೆಯ ಪ್ರಶ್ನೆ: ಆ ಕಡೆಯ ಸರ್ವರ್?

ಇದು ಹೆಚ್ಚು ಕಷ್ಟದ ಪ್ರಶ್ನೆ. ಆ್ಯಪಿನ ಕೋಡ್ ತೆರೆದಿದೆ, ಪಾರ್ಸೆಲ್ ಸರಿಯಾಗಿದೆ ಎಂದೇ ಇಟ್ಟುಕೊಳ್ಳಿ. ಗೂಢಲಿಪಿಯನ್ನು ಬಿಚ್ಚುವುದು ಸರ್ವರ್‌ನಲ್ಲಿ. ಅದು ಯಾವುದೋ ದೇಶದಲ್ಲಿ, ಯಾರದೋ ಕೋಣೆಯಲ್ಲಿರುವ ಯಂತ್ರ. ಅದರಲ್ಲಿ ಯಾವ ತಂತ್ರಾಂಶ ಓಡುತ್ತಿದೆ, ಯಾವ ದಾಖಲೆ ಬರೆದಿಡುತ್ತಿದೆ ಎಂಬುದನ್ನು ನಮ್ಮ ಫೋನಿನಲ್ಲಿರುವ ಆ್ಯಪಿನ ಕೋಡ್ ಹೇಳಲಾರದು. ಕಾಗದ ಒಯ್ಯುವವನು ಹಾಕಿಕೊಂಡ ಚೀಲ ಗಾಜಿನದ್ದಾದರೂ, ಅವನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನಮಗೆ ಏನೂ ಕಾಣದು.

ಹೆಚ್ಚಿನ ವಿಪಿಎನ್ ಕಂಪನಿಗಳು "ನಾವು ದಾಖಲೆ ಇಡುವುದಿಲ್ಲ" ಎನ್ನುತ್ತವೆ. 2020ರ ಜುಲೈಯಲ್ಲಿ ಹಾಂಗ್‌ಕಾಂಗ್ ನಂಟಿನ ಏಳು ಉಚಿತ ವಿಪಿಎನ್‌ಗಳ ಮಾಹಿತಿ ಬೀಗವಿಲ್ಲದ ಒಂದು ಸರ್ವರ್‌ನಲ್ಲಿ ಸಂಶೋಧಕರಿಗೆ ಸಿಕ್ಕಿತು. ಒಟ್ಟು 1.2 ಟೆರಾಬೈಟ್. ದಾಖಲೆ ಇಡುವುದಿಲ್ಲ ಎಂದು ಹೇಳಿಕೊಂಡಿದ್ದ ಸೇವೆಗಳಲ್ಲಿ ಬಳಕೆದಾರರ ಚಟುವಟಿಕೆಯ ದಾಖಲೆಗಳೇ ಇದ್ದವು. ಹೆಸರು ಏಳಾದರೂ ಹಿಂದಿನ ವ್ಯವಸ್ಥೆ ಒಂದೇ ಆಗಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಸ್ವೀಡನ್‌ನ ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಆ್ಯಪ್ ಓಪನ್ ಸೋರ್ಸ್. ಖಾತೆ ತೆರೆಯಲು ಹೆಸರು, ಇಮೇಲ್ ಕೇಳುವುದಿಲ್ಲ, ಒಂದು ಸಂಖ್ಯೆ ಮಾತ್ರ ಕೊಡುತ್ತದೆ. 2023ರ ಏಪ್ರಿಲ್ 18ರಂದು ಪೊಲೀಸರು ಶೋಧನಾ ವಾರಂಟ್ ಹಿಡಿದು ಅದರ ಕಚೇರಿಗೆ ಬಂದರು. ಕೇಳಿದ ಮಾಹಿತಿ ತಮ್ಮಲ್ಲಿ ಇಲ್ಲವೆಂದು ಕಂಪನಿಯವರು ತೋರಿಸಿದ ಮೇಲೆ ಬರಿಗೈಯಲ್ಲಿ ಹಿಂದಿರುಗಿದರು. ಅಲ್ಲಿ ನಂಬಿಕೆಗೆ ಆಧಾರವಾದದ್ದು ಕೋಡ್ ಅಲ್ಲ, ಕಂಪನಿ ಮೊದಲಿನಿಂದಲೂ ಕಡಿಮೆ ಮಾಹಿತಿ ಕೇಳಿದ್ದು. ಹೆಸರು ಹೇಳಿದೆನೆಂದು ಇದನ್ನು ಕೊಳ್ಳುವ ಶಿಫಾರಸು ಎಂದು ತಿಳಿಯಬೇಡಿ.

ಸರ್ವರ್ ಇರುವ ನೆಲದ ಕಾನೂನೂ ಲೆಕ್ಕಕ್ಕೆ ಬರುತ್ತದೆ. ನಮ್ಮ ದೇಶದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಮುಂತಾದ ವಿವರಗಳನ್ನು ಕನಿಷ್ಠ 5 ವರ್ಷ ಇಡಬೇಕು ಎಂದಿತು. ಆ ವರ್ಷವೇ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮೊದಲಾದ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಅಪರಾಧ ತನಿಖೆಗೆ ದಾಖಲೆ ಬೇಕು ಎಂಬುದು ಸರಕಾರದ ವಾದ. ದಾಖಲೆ ಇಟ್ಟರೆ ನಾವು ಕೊಟ್ಟ ಮಾತು ಮುರಿದಂತೆ ಎಂಬುದು ಕಂಪನಿಗಳ ವಾದ. ಯಾರು ಸರಿ ಎಂದು ನೀವು ಚರ್ಚಿಸಿ. ಆ್ಯಪಿನ ಕೋಡ್ ತೆರೆದಿದೆಯೋ ಮುಚ್ಚಿದೆಯೋ ಎಂಬುದಕ್ಕೂ ಈ ಪ್ರಶ್ನೆಗೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಗಮನಿಸಿ.

ನಾಲ್ಕು ಕೊಂಡಿಗಳು

ಆದ್ದರಿಂದ ವಿಪಿಎನ್ ಮೇಲಿನ ನಂಬಿಕೆಯನ್ನು ನಾಲ್ಕು ಕೊಂಡಿಗಳ ಸರಪಳಿಯಾಗಿ ಬರೆದುಕೊಳ್ಳಿ.

1. ಕೋಡ್: ಆ್ಯಪ್ ಹೇಗೆ ಕೆಲಸ ಮಾಡುತ್ತದೆ? ತೆರೆದಿದ್ದರೆ ಬಲ್ಲವರು ನೋಡಬಹುದು. ನಿಜವಾಗಿ ಯಾರು ನೋಡಿದ್ದಾರೆ, ವರದಿ ಪ್ರಕಟವಾಗಿದೆಯೇ ಎಂದು ಕೇಳಿ.

2. ಕಡತ: ನನ್ನ ಫೋನಿನಲ್ಲಿರುವುದು ಅದೇ ಕೋಡಿನಿಂದ ಬಂದದ್ದೇ? ಹೋಲಿಸಿ ನೋಡುವ ದಾರಿ ಇದೆಯೇ?

3. ಸರ್ವರ್: ಆ ಕಡೆ ಏನು ಬರೆದಿಡುತ್ತಾರೆ? ಇಲ್ಲಿ ಹೊರಗಿನವರ ಪರಿಶೀಲನೆ ಮತ್ತು ಕಂಪನಿಯ ಹಿಂದಿನ ನಡತೆ ಮಾತ್ರ ಆಧಾರ.

4. ಮಾಲೀಕ: ಯಾರದು, ಯಾವ ದೇಶದ ಕಾನೂನಿಗೆ ಒಳಪಟ್ಟದ್ದು, ಹಣ ಎಲ್ಲಿಂದ ಬರುತ್ತದೆ? ಸರ್ವರ್‌ಗೆ ಬಾಡಿಗೆ, ಕರೆಂಟ್, ಸಂಬಳ ಎಲ್ಲ ಬೇಕು. ಬಳಸುವವರಿಂದ ಹಣ ಪಡೆಯದಿದ್ದರೆ ಆ ಖರ್ಚು ಯಾರು ಕೊಡುತ್ತಿದ್ದಾರೆ?

ಓಪನ್ ಸೋರ್ಸ್ ಮೊದಲ ಕೊಂಡಿಯನ್ನು ಬಲಪಡಿಸುತ್ತದೆ, ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಮೂರು ಮತ್ತು ನಾಲ್ಕನೆಯದನ್ನು ಅದು ಮುಟ್ಟುವುದಿಲ್ಲ. ಕ್ಲೋಸ್ಡ್ ಸೋರ್ಸ್‌ನಲ್ಲಿ ನಾಲ್ಕು ಕೊಂಡಿಗಳೂ ಹೆಚ್ಚುಕಡಿಮೆ ಒಬ್ಬರ ಮಾತಿನ ಮೇಲೆ ನಿಂತಿರುತ್ತವೆ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಾನು ಇಂದಿಗೂ ಓಪನ್ ಸೋರ್ಸ್ ಕಡೆಗೇ. ಅದು ನಂಬಿಕೆಗೆ ಯೋಗ್ಯ ಎಂದು ಮೊದಲೇ ಸಾಬೀತಾಗಿದೆ ಎಂಬ ಕಾರಣಕ್ಕಲ್ಲ. ಪ್ರಶ್ನೆ ಕೇಳಲು ಅದು ಜಾಗ ಬಿಡುತ್ತದೆ ಎಂಬ ಕಾರಣಕ್ಕೆ.

ಉಮ್ಮನ ಫೋನ್

ಮರುದಿನ ಅವಳು ಮನೆಯವರ ಒಪ್ಪಿಗೆ ಪಡೆದು ಆ ಫೋನ್ ತಂದಳು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಅನುಮತಿಗಳನ್ನು ತೆರೆದು ನೋಡಿದೆವು. ಸಂಪರ್ಕಗಳ ಪಟ್ಟಿ ಓದುವ ಅನುಮತಿ ಅದಕ್ಕಿತ್ತು. ವಿಪಿಎನ್‌ಗೆ ಅದರಿಂದ ಏನು ಕೆಲಸ? ಮೊದಲು ವಿಪಿಎನ್ ಸಂಪರ್ಕ ಕಡಿದೆವು, ನಂತರ ಆ್ಯಪ್ ಅಳಿಸಿದೆವು, ಕೊನೆಗೆ ಸೆಟ್ಟಿಂಗ್ಸ್‌ನ ವಿಪಿಎನ್ ಪಟ್ಟಿಯಲ್ಲಿ ಏನೂ ಉಳಿದಿಲ್ಲವೆಂದು ನೋಡಿಕೊಂಡೆವು. ಬೀಗದ ಕೈಯ ಚಿತ್ರ ಮಾಯವಾಯಿತು. ಬ್ಯಾಂಕಿನ ಪಿನ್ ಬದಲಿಸಲು ಉಮ್ಮನಿಗೆ ಹೇಳಿ ಕಳಿಸಿದೆ.

"ಬೇರೆ ಯಾವುದನ್ನು ಹಾಕುವುದು ಸರ್?" ಎಂದಳು. ಯಾವುದೂ ಬೇಡ ಎಂದೆ. ಊರಿನಲ್ಲಿ ಕುಳಿತು ಸ್ವಂತ ಸಿಮ್‌ನ ಡೇಟಾದಲ್ಲಿ ಬ್ಯಾಂಕ್ ಆ್ಯಪ್ ಬಳಸುವವರಿಗೆ ವಿಪಿಎನ್‌ನ ಅಗತ್ಯವೇ ಇಲ್ಲ. ಲಕೋಟೆ ಮೊದಲೇ ಅಂಟಿಸಿದೆ. ಯಾವ ವಿಪಿಎನ್ ಒಳ್ಳೆಯದು ಎನ್ನುವ ಮೊದಲು, ನನಗೆ ಅದು ಬೇಕೇ ಎಂದು ಕೇಳಬೇಕಿತ್ತು. ತರಗತಿಯಲ್ಲಿ ನಾನು ಆ ಪ್ರಶ್ನೆಯನ್ನೂ ಬಿಟ್ಟಿದ್ದೆ.

"ಉಪ್ಪನಿಗೆ ಎಂತ ಹೇಳುವುದು?" ಎಂದು ಮೆಲ್ಲನೆ ಕೇಳಿದಳು. ಅಲ್ಲಿಯ ವಿಷಯ ಬೇರೆ. ಯುಎಇಯ ಸೈಬರ್ ಅಪರಾಧ ಕಾನೂನಿನಲ್ಲಿ, ಅಪರಾಧ ಮಾಡಲು ಅಥವಾ ಅಪರಾಧ ಮುಚ್ಚಿಡಲು ಐಪಿ ವಿಳಾಸ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡವಿದೆ. ಅಲ್ಲಿನ ದೂರಸಂಪರ್ಕ ಪ್ರಾಧಿಕಾರ ಅನುಮತಿ ಕೊಟ್ಟ ಕರೆ ಆ್ಯಪ್‌ಗಳಿವೆ. ಅವುಗಳನ್ನೇ ಬಳಸಲು ಹೇಳು ಎಂದೆ. ಕೋಡ್ ತೆರೆದಿರುವ ವಿಪಿಎನ್ ಆದರೂ ಆ ಕಾನೂನಿನ ಮುಂದೆ ವ್ಯತ್ಯಾಸವಿಲ್ಲ. ರೂಮಿನ ಗೆಳೆಯರು ಹೇಳಿದರು ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ನೋಟ್ಸಿನಲ್ಲಿ ತಿದ್ದುಪಡಿ

ಕಳೆದ ತಿಂಗಳ ನೋಟ್ಸಿನಲ್ಲಿ "ಓಪನ್ ಸೋರ್ಸ್ ವಿಪಿಎನ್ ಅನ್ನು ನಂಬಬಹುದು" ಎಂದು ಬರೆದುಕೊಂಡವರು ಅದನ್ನು ಹೊಡೆದುಹಾಕಿ ಹೀಗೆ ಬರೆಯಿರಿ: "ಓಪನ್ ಸೋರ್ಸ್ ವಿಪಿಎನ್ ಅನ್ನು ಪರೀಕ್ಷಿಸಬಹುದು. ಪರೀಕ್ಷಿಸಿದವರು ಯಾರು ಎಂದು ಕೇಳಬೇಕು. ಸರ್ವರ್ ಯಾರದು ಎಂದು ಬೇರೆಯಾಗಿ ಕೇಳಬೇಕು."

ಮನೆಯಲ್ಲಿ ಮಾಡಬೇಕಾದ ಅಭ್ಯಾಸ:

1. ಮನೆಯ ಎಲ್ಲ ಫೋನ್‌ಗಳಲ್ಲಿ ಬೀಗದ ಕೈಯ ಚಿತ್ರ ಇದೆಯೇ ನೋಡಿ. ಇದ್ದರೆ ಯಾರು, ಯಾವಾಗ, ಯಾಕೆ ಹಾಕಿದರು ಎಂದು ವಿಚಾರಿಸಿ.

2. ಒಂದು ವಿಪಿಎನ್ ಆ್ಯಪನ್ನು ಆರಿಸಿ, ಅದು ಕೇಳುವ ಅನುಮತಿಗಳನ್ನು ಪಟ್ಟಿ ಮಾಡಿ. ಪ್ರತಿಯೊಂದರ ಎದುರು "ಯಾಕೆ ಬೇಕು?" ಎಂದು ಉತ್ತರ ಬರೆಯಿರಿ.

3. ಅದೇ ಆ್ಯಪಿಗೆ ನಾಲ್ಕು ಕೊಂಡಿಗಳ ಪ್ರಶ್ನೆ ಹಾಕಿ. ಎಷ್ಟಕ್ಕೆ ಉತ್ತರ ಸಿಕ್ಕಿತು?

4. ಚರ್ಚೆಗೆ: ಹಾರ್ಟ್‌ಬ್ಲೀಡ್ ಎರಡು ವರ್ಷ ಅಡಗಿತ್ತು, ಎಕ್ಸ್‌ಜೆಡ್‌ನ ಕಳ್ಳಬಾಗಿಲು ಕೆಲವೇ ವಾರಗಳಲ್ಲಿ ಸಿಕ್ಕಿತು. ಎರಡೂ ಓಪನ್ ಸೋರ್ಸ್. ವ್ಯತ್ಯಾಸಕ್ಕೆ ಕಾರಣ ಏನು?

ಉತ್ತರಗಳನ್ನು ಲ್ಯಾಬ್‌ಗೆ ತನ್ನಿ. ನನ್ನ ಮಾತಿನಲ್ಲಿ ತಪ್ಪು ಕಂಡರೆ ಅದನ್ನೂ ತನ್ನಿ. ಸ್ಟಾಫ್ ರೂಮಿನ ಬಾಗಿಲು ತೆರೆದೇ ಇರುತ್ತದೆ.